ಅಕ್ಕನ ಕೂಗಿಗೆ ಬರುವ ಮರಿ

ನನ್ನ ಕೋಳಿಗಳು ಪಕ್ಕದ ಮನೆಯ ಸೌದೆ ಕೊಟ್ಟಿಗೆಗೆ ಹೋಗಿ ಮೊಟ್ಟೆ ಇಡುತ್ತವೆ. ಪಕ್ಕದ ಮನೆ ಎಂದರೆ ನನ್ನ ಓರಗಿತ್ತಿಯದು, ನಮ್ಮನೆಯವರ ಅಣ್ಣನ ಹೆಂಡತಿಯದು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಪಾಲಾದಾಗ ಒಂದೇ ಮನೆಗೆ ನಡುವೆ ಗೋಡೆ ಎದ್ದು ಎರಡು ಬಾಗಿಲಾದವು. ಮುಂದೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಮಾತ್ರ ಹಾಗೇ ಉಳಿಯಿತು. ಅರ್ಧ ಅವರಿಗೆ, ಅರ್ಧ ನಮಗೆ, ನಡುವೆ ಒಂದು ಸಾಲು ಇಟ್ಟಿಗೆ. ಆ ಇಟ್ಟಿಗೆಯ ಅರ್ಥ ಕೋಳಿಗಳಿಗೆ ಯಾರು ಹೇಳಬೇಕು? ಅಕ್ಕ ಮೊಟ್ಟೆ ಮುಚ್ಚಿಟ್ಟುಕೊಳ್ಳುವವರೂ ಅಲ್ಲ. ಬೆಳಿಗ್ಗೆ ಎದ್ದು ಸೌದೆಗೆ ಹೋದವರು ಸ್ಟೀಲ್ ಬಟ್ಟಲಿನಲ್ಲಿ ಮೊಟ್ಟೆ ತಂದು ನನ್ನ ಕೈಗೆ ಕೊಟ್ಟು, "ತಗಳೇ, ನಿನ್ ಕೋಳೀವು" ಎಂದು ಹೇಳಿ ಹೋಗುತ್ತಾರೆ. ಇಟ್ಟುಕೊಂಡಿದ್ದರೆ ಜಗಳವಾಡಬಹುದಿತ್ತು. ಹೀಗೆ ತಂದು ಕೊಡುವವರ ಹತ್ತಿರ ಏನು ಮಾಡುವುದು?

ನಾನು ಮದುವೆಯಾಗಿ ಬಂದಾಗಿನಿಂದಲೂ ಇದೇ ಕತೆ. ಅವರು ಚುಚ್ಚಿದ ಕರಿಬೇವಿನ ಕಡ್ಡಿ ಮರವಾಯಿತು, ನಾನು ಚುಚ್ಚಿದ್ದು ಕಡ್ಡಿಯಾಗಿಯೇ ಉಳಿಯಿತು. ನಮ್ಮ ಅತ್ತೆ ಕೊನೆಗಾಲದಲ್ಲಿ ನಾನು ಮಾಡಿದ ಗಂಜಿಯನ್ನು ಬಾಯಿಗಿಟ್ಟು ಗೋಡೆಯ ಆ ಬದಿಗೆ ಒಮ್ಮೆ ನೋಡುತ್ತಿದ್ದರು. ಆ ನೋಟವನ್ನು ನಾನು ಈಗಲೂ ಮರೆತಿಲ್ಲ. ನನ್ನ ಅಜ್ಜಿ ಮಾತನ್ನು ತೂಕ ಮಾಡಿ ಆಡುವವಳು. ಹೊಟ್ಟೆಕಿಚ್ಚು ಪಡುವವರನ್ನು ಕಂಡರೆ "ಅವಳ ಒಲೆ ಒಳಗೇ ಉರೀತಾ ಅದೆ, ಅನ್ನ ಮಾತ್ರ ಬೇಯಲ್ಲ" ಅನ್ನುತ್ತಿದ್ದಳು. ಅಜ್ಜಿ ನನ್ನನ್ನು ನೋಡಿಯೇ ಹೇಳಿದ್ದೇನೋ ಎಂದು ಈಗ ಅನ್ನಿಸುತ್ತದೆ.

ಹಾಗಾಗಿ ನಾಯಿಮರಿ ತರುವಾಗ ನಾನು ಒಂದು ಮಾತು ಗಟ್ಟಿ ಮಾಡಿಕೊಂಡಿದ್ದೆ. ಇದು ನನ್ನದು. ನಾನು ಕರೆದರೆ ಬರಬೇಕು.

ಈ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಮೊದಲಿದ್ದ ನಾಯಿಯನ್ನು ಎರಡು ವರ್ಷದ ಹಿಂದೆ ಚಿರತೆ ಹಿಡಿಯಿತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ನಾನು ಕುಕ್ಕರ್ ಇಳಿಸಿ ಹೊರಗೆ ಬಂದು ಕರೆದೆ. ಕಣದ ತುದಿಯಲ್ಲಿ ನಿಂತಿದ್ದ ಅದು ತಿರುಗಿ ನನ್ನನ್ನು ನೋಡಿತು, ಬರಲಿಲ್ಲ, ಕೆಳಗೆ ತೋಟಕ್ಕೆ ಇಳಿಯಿತು. ಮರುದಿನ ಕಾಫಿ ಗಿಡಗಳ ನಡುವೆ ಅದರ ಕತ್ತಿನ ಬೆಲ್ಟು ಸಿಕ್ಕಿತು. ಆ ಬೆಲ್ಟನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿದ್ದೇನೆ. ನಮ್ಮ ಕಡೆ ಸಂಜೆ ಹೊತ್ತಿಗೆ ಕರೆದಾಗ ಬಾರದ ನಾಯಿ ಬಹಳ ದಿನ ಇರುವುದಿಲ್ಲ.

ಹೊಸ ಮರಿಯನ್ನು ಸೋಮವಾರಪೇಟೆಯ ಪರಿಚಯದವರ ಮನೆಯಿಂದ ನಾನೇ ತಂದೆ. ಬಟ್ಟೆ ಚೀಲದಲ್ಲಿ ತಲೆ ಹೊರಗಿಟ್ಟು ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡೆ. ಅರ್ಧ ದಾರಿಗೆ ನನ್ನ ಸೀರೆಯ ಮೇಲೆ ವಾಂತಿ ಮಾಡಿತು. ಊರಿನ ನಾಯಿಯೇ, ಎಲ್ಲೋ ಸ್ವಲ್ಪ ಜಾತಿ ಬೆರಕೆ ಇರಬೇಕು. ಒಂದು ಕಿವಿ ಕಂದು, ಒಂದು ಕಿವಿ ಬಿಳಿ. ಆ ವಾಂತಿಯ ಸೀರೆಯಲ್ಲೇ ಇಳಿದು ಮನೆಗೆ ನಡೆದು ಬಂದೆನಲ್ಲ, ಆಗಲೇ ಹಕ್ಕು ನನ್ನದಾಯಿತು ಅಂದುಕೊಂಡೆ. ಅಕ್ಕ ಬಾಗಿಲಲ್ಲಿ ನಿಂತು ನೋಡಿ, ತನಗೆ ನಾಯಿಯ ವಾಸನೆ ಆಗುವುದಿಲ್ಲ ಎಂದು ಹೇಳಿ ಒಳಗೆ ಹೋದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವತ್ತು ಅವರ ಮನೆಗೆ ಪಾಯಸ ಕಳಿಸಿದೆ.

ಕಲಿಸುವುದನ್ನು ಫೋನಿನಲ್ಲಿ ನೋಡಿ ಶುರು ಮಾಡಿದೆ. ಒಬ್ಬ ಹುಡುಗಿ ರತ್ನಗಂಬಳಿಯ ಮೇಲೆ ಕೂತು ಮರಿಯ ಹೆಸರು ಹೇಳುತ್ತಾಳೆ. ಮರಿ ಮುಖ ನೋಡುತ್ತದೆ. ಅವಳು ತಿಂಡಿ ಕೊಡುತ್ತಾಳೆ. ಅಷ್ಟೇ. ನಾನೂ ಯೋಚಿಸಿ ಯೋಚಿಸಿ ಒಂದು ಚೆಂದದ ಹೆಸರಿಟ್ಟೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಮೊದಲ ವಾರ ಹೆಸರು ಹೇಳಿದರೆ ಸಾಕು, ಎರಡು ಬಣ್ಣದ ಕಿವಿಯೂ ನಿಮಿರಿ ನನ್ನ ಕಡೆ ಓಡಿ ಬರುತ್ತಿತ್ತು. ಒಂದು ಚೂರು ಬಿಸ್ಕತ್ತು ಕೊಡುತ್ತಿದ್ದೆ. ಅಕ್ಕ ಬಟ್ಟೆ ಒಣಗಿಸುವಾಗ ಬೇಕೆಂದೇ ಜೋರಾಗಿ ಕರೆಯುತ್ತಿದ್ದೆ. ಅವರು ತಿರುಗಿ ನೋಡಿದರೆ ಆ ದಿನದ ಊಟ ರುಚಿಸುತ್ತಿತ್ತು.

ಅಷ್ಟರಲ್ಲಿ ಪಿಕ್ಕಿಂಗ್ ಬಂತು. ಕಾಫಿ ಹಣ್ಣು ಕೊಯ್ದು, ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದ ಬೀಜವನ್ನು ಕಣದ ಮೇಲೆ ಹರಡುವ ಕಾಲ. ಆ ಬೀಜಕ್ಕೆ ಯಾವ ವಾಸನೆ ತಗುಲಿದರೂ ಹಿಡಿದುಕೊಳ್ಳುತ್ತದೆ. ಅದರ ಹತ್ತಿರ ನಾವು ಬೀಡಿ ಸೇದಲಿಕ್ಕೂ ಬಿಡುವುದಿಲ್ಲ. ಮರಿಗೆ ಮಾತ್ರ ಬೆಚ್ಚಗಿನ ಸಿಮೆಂಟು, ಕಾಲಿಗೆ ಸಿಕ್ಕಿದರೆ ಹರಿದಾಡುವ ಸಾವಿರಾರು ಬೀಜ, ಅದಕ್ಕಿಂತ ದೊಡ್ಡ ಆಟದ ಬಯಲು ಇನ್ನೆಲ್ಲಿ? ಉರುಳಿತು, ಕೆರೆಯಿತು, ಒಂದು ಬೆಳಿಗ್ಗೆ ನಡುಮಧ್ಯೆ ಕೂತು ಮಾಡಬಾರದ್ದನ್ನೂ ಮಾಡಿತು. ನಮ್ಮನೆಯವರು ಅಷ್ಟು ಜಾಗದ ಬೀಜ ಬಾಚಿ ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು ಬಂದರು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನನ್ನ ದಿನವೆಲ್ಲ ಕೂಗುವುದೇ ಆಯಿತು. ಮರಿ ಕಣಕ್ಕೆ ಕಾಲಿಟ್ಟರೆ ಹೆಸರು ಹಿಡಿದು ಕರೆಯುವುದು, ಬಂದ ಕೂಡಲೇ ಕತ್ತಿನ ಪಟ್ಟಿ ಹಿಡಿದು ಜಗಲಿಯ ಕಂಬಕ್ಕೆ ಕಟ್ಟುವುದು. ಬಿಚ್ಚಿದರೆ ಮತ್ತೆ ಕಣ, ಮತ್ತೆ ಹೆಸರು, ಮತ್ತೆ ಕಂಬ. ಉಣ್ಣಿ ತೆಗೆಯಲು ಕರೆಯುವುದೂ ಅದೇ ಹೆಸರಿನಿಂದ, ಹುಳದ ಔಷಧಿ ಕುಡಿಸಲು, ಸೋಪು ಹಾಕಿ ತಿಕ್ಕಲು ಕರೆಯುವುದೂ ಅದೇ ಹೆಸರಿನಿಂದ. ಒಂದು ಸಂಜೆ ಕರೆದೆ. ಮರಿ ಕಣದ ಆಚೆ ದಡದಲ್ಲಿ ನಿಂತು, ಬಾಲ ಕೆಳಗೆ ಮಾಡಿ, ನನ್ನನ್ನು ನೋಡಿ, ಹಿಂದಕ್ಕೆ ಸರಿಯಿತು. ಮೊದಲಿನ ನಾಯಿ ನೋಡಿದ್ದೂ ಹೀಗೇ. ಇದಕ್ಕೆ ನನ್ನ ಮಾತೇ ಅರ್ಥವಾಗುವುದಿಲ್ಲ ಎಂದು ನಮ್ಮನೆಯವರ ಹತ್ತಿರ ಹೇಳಿಕೊಂಡೆ. ಅವರು ಬೀಜ ಕೆದಕುತ್ತಿದ್ದವರು ತಲೆ ಎತ್ತಲೂ ಇಲ್ಲ.

"ಚೆನ್ನಾಗಿ ಅರ್ಥ ಆಯ್ತದೆ ಕಣೆ. ಅದುಕ್ಕೇ ಬರಲ್ಲ."

ಇದು ಒಂದು ಕಡೆ. ಇನ್ನೊಂದು ಕಡೆ ನಡೆಯುತ್ತಿದ್ದುದನ್ನು ನಾನು ಅಡಿಗೆಮನೆಯ ಕಿಟಕಿಯಿಂದ ಕಂಡುಹಿಡಿದೆ.

ಅಕ್ಕ ಪ್ರತಿ ವಾರ ಶನಿವಾರಸಂತೆಗೆ ಹೋಗಿ ಒಣಮೀನು ತರುತ್ತಾರೆ. ಅದನ್ನು ಹಸನು ಮಾಡಿ ತಲೆಗಳನ್ನೆಲ್ಲ ಬೇರೆ ಡಬ್ಬಿಗೆ ಹಾಕಿಡುತ್ತಾರೆ, ಹಿಂದೆಲ್ಲ ಬೆಕ್ಕಿಗೆ ಎಂದು. ಈಗ ಮಧ್ಯಾಹ್ನ ಊಟವಾದ ಮೇಲೆ ಹೊಸಿಲಿಗೆ ಬಂದು "ಕುರೋ ಕುರೋ" ಎನ್ನುತ್ತಿದ್ದರು. ನಮ್ಮ ಕಡೆ ಯಾರ ಮನೆ ನಾಯಿಯನ್ನಾದರೂ, ಬೀದಿ ನಾಯಿಯನ್ನಾದರೂ ಕರೆಯುವ ಕೂಗು ಅದು. ಹೆಸರೂ ಇಲ್ಲ, ಕುಲವೂ ಇಲ್ಲ. ನನ್ನ ಮರಿ ಎಲ್ಲಿದ್ದರೂ ಬಾಣದ ಹಾಗೆ ಬಂದು ಅವರ ಹೊಸಿಲ ಕೆಳಗೆ ಕುಕ್ಕರುಗಾಲಲ್ಲಿ ಕೂರುತ್ತಿತ್ತು. ಕೂರುತ್ತಿತ್ತು! ಹದಿನೈದು ದಿನದಿಂದ "ಸಿಟ್, ಸಿಟ್" ಎನ್ನುತ್ತ ನಾನು ಅದರ ಸೊಂಟ ಒತ್ತಿ ಒತ್ತಿ ನನ್ನ ಸೊಂಟ ಬಿದ್ದುಹೋಗಿತ್ತು. ಇಲ್ಲಿ ಒತ್ತುವವರಿಲ್ಲ, ಹೇಳುವವರಿಲ್ಲ. ಅಕ್ಕ ಒಂದು ಮೀನಿನ ತಲೆ ಎಸೆದು, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಮರಿ ತಿಂದು ಮುಗಿಸಿ ಅವರ ಕಾಲೊರಸಿನ ಮೇಲೆ ಮಲಗುತ್ತಿತ್ತು.

ನಾನು ಹೋಗಿ ಕೇಳಿದೆ. ನಗುತ್ತಲೇ ಕೇಳಿದೆ, ಆದರೆ ಆ ನಗು ಎಂಥದ್ದೆಂದು ಅವರಿಗೂ ಗೊತ್ತು.

"ಅಕ್ಕ, ಏನ್ ಕಲ್ಸಿದ್ರಿ ಇದುಕ್ಕೆ?"

"ನಾನೆಂಥ ಕಲ್ಸದು ಮಾರಾಯ್ತಿ. ಸೀರೆ ಮ್ಯಾಲೆ ಹಾರ್ತಿತ್ತು. ಹಾರದು ಬಿಡೋ ತಂಕ ಕೊಡ್ಲಿಲ್ಲ. ಅದೇ ಕೂತ್ಕತು."

ಅವತ್ತಿನಿಂದ ನಾನು ಮಾಡಿದ ಸಣ್ಣತನಗಳನ್ನು ಹೇಳಿಬಿಡುತ್ತೇನೆ. ಮೊದಲು ಇಟ್ಟಿಗೆಯ ಸಾಲಿಗೆ ಹಳೇ ಹಲಗೆಗಳನ್ನು ಒರಗಿಸಿ ಅಡ್ಡ ಕಟ್ಟಿದೆ. ಮರಿ ಹಾರಿ ಹೋಯಿತು, ಕೋಳಿಗಳು ಮಾತ್ರ ಸಿಕ್ಕಿಬಿದ್ದು ಗಲಾಟೆ ಮಾಡಿದವು. ಆಮೇಲೆ ಬಿಸ್ಕತ್ತು ಬಿಟ್ಟು ಮೊಟ್ಟೆ ಬೇಯಿಸಿದೆ, ಅಕ್ಕ ಬಟ್ಟಲಲ್ಲಿ ತಂದು ಕೊಟ್ಟ ಅದೇ ಮೊಟ್ಟೆ. ಮರಿ ಬಂದು ತಿಂದಿತು, ಕೈ ಮುಂದೆ ಮಾಡಿದೊಡನೆ ಓಡಿತು. ಕೊನೆಗೆ ಅಕ್ಕನಿಗೆ, ಒಣಮೀನಿನಲ್ಲಿ ಉಪ್ಪು ಜಾಸ್ತಿ, ಮರಿಗೆ ಆಗಬಾರದು ಎಂದು ಫೋನಿನಲ್ಲಿ ಡಾಕ್ಟರು ಹೇಳಿದ್ದಾರೆ ಎಂದೆ. ಅದು ಸುಳ್ಳೂ ಅಲ್ಲ. ಮರುದಿನ ಕಿಟಕಿಯಿಂದ ನೋಡುತ್ತೇನೆ, ಅಕ್ಕ ತಲೆಗಳನ್ನು ರಾತ್ರಿಯೇ ನೀರಿಗೆ ಹಾಕಿ, ಬೆಳಿಗ್ಗೆ ಎರಡು ಸಲ ತೊಳೆದು, ಮೊರದಲ್ಲಿ ಹರವಿ ಒಣಗಿಸುತ್ತಿದ್ದಾರೆ. ನನ್ನ ಹತ್ತಿರ ಬಂದು, ಇಷ್ಟು ತೊಳೆದರೆ ಸಾಕಾ ಎಂದು ಒಂದು ತಲೆಯನ್ನು ಮೂಸಿ ನೋಡಲು ಕೊಟ್ಟರು. ನನಗೆ ಅಳುವೋ ಸಿಟ್ಟೋ ತಿಳಿಯಲಿಲ್ಲ.

ತಡೆಯಲಾರದೆ ಹೇಳಿಯೇಬಿಟ್ಟೆ. ಕೊಡುವುದೇ ಬೇಡ ಅಕ್ಕ, ಇಬ್ಬರು ಕೊಟ್ಟರೆ ಅದು ಯಾರಿಗೂ ಪಳಗುವುದಿಲ್ಲ ಎಂದೆ. ಅವರು ಮೊರವನ್ನು ಒಮ್ಮೆ ಜಾಡಿಸಿ, ಆಯಿತು ಎಂದರು. ಅಷ್ಟೇ. ಮುಖ ಸಣ್ಣದು ಮಾಡಿಕೊಂಡರೇ ಎಂದು ನಾನು ಹುಡುಕಿದೆ. ಏನೂ ಕಾಣಿಸಲಿಲ್ಲ.

ಆಮೇಲಿನ ನಾಲ್ಕು ದಿನ ಮರಿ ಊಟದ ಹೊತ್ತಿಗೆ ಅವರ ಮುಚ್ಚಿದ ಬಾಗಿಲ ಮುಂದೆ ಹೋಗಿ ಕೂರುತ್ತಿತ್ತು. ಕೂತು ಕೂತು ಎದ್ದು ಹೋಗುತ್ತಿತ್ತು. ನನ್ನ ಬಾಗಿಲಿಗೆ ಅಲ್ಲ, ಕಣದ ಆಚೆಗೆ. ಅಕ್ಕನ ಕೈಯಿಂದ ತಪ್ಪಿಸಿದೆ ಎಂದು ನಾನು ಹಿಗ್ಗಬೇಕಿತ್ತು. ಮರಿ ಈಗ ಇಬ್ಬರಲ್ಲಿ ಯಾರದ್ದೂ ಆಗದೆ ದಿನಾ ಇನ್ನಷ್ಟು ದೂರ ಹೋಗುತ್ತಿರುವುದನ್ನು ಕಿಟಕಿಯಿಂದ ನೋಡುತ್ತ ನಿಂತೆ.

ಐದನೆಯ ದಿನ ಶನಿವಾರ. ಬೆಳಿಗ್ಗೆ ಕೊಯ್ಲಿನ ಹೆಂಗಸರು, ಕೆಳಗಿನ ಹೊಂಡದ ದಂಡೆಯಲ್ಲಿ ಚಿರತೆಯ ಹೆಜ್ಜೆ ಹಸಿಯಾಗಿದೆ ಎಂದು ಹೇಳಿದ್ದರು. ನಾನು ಮರಿಯನ್ನು ಕಟ್ಟಿಯೇ ಇಟ್ಟಿದ್ದೆ. ಅಕ್ಕ, ಭಾವ ಇಬ್ಬರೂ ಸಂತೆಗೆ ಹೋಗಿದ್ದರು. ನಮ್ಮನೆಯವರು ಪಲ್ಪರಿನ ಬೆಲ್ಟು ತುಂಡಾಯಿತೆಂದು ಸೋಮವಾರಪೇಟೆಗೆ ಹೊರಟರು. ಬಿಸಿಲು ಇಳಿಯುವಾಗ ಬೀಜ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು; ಒಬ್ಬಳೇ ಎಳೆದು ಮುಚ್ಚಿ, ಮೂಲೆಗಳಿಗೆ ಕಲ್ಲು ಹೇರಿ ತಿರುಗಿದರೆ ಕಂಬದಲ್ಲಿ ಹಗ್ಗದ ತುಂಡು ಮಾತ್ರ ಇತ್ತು. ಕಡಿದುಕೊಂಡು ಹೋಗಿತ್ತು.

ಹುಡುಕುವ ಕಷ್ಟವೇನೂ ಇರಲಿಲ್ಲ. ಕಣದ ಕೆಳಗೆ ಮೂರನೆಯ ಸಾಲಿನ ಗಿಡಗಳ ಬುಡದಲ್ಲಿ ಬಿಳಿ ಕಿವಿ ಕಾಣುತ್ತಿತ್ತು. ಕಾಡುಕೋಳಿಯ ಜಾಡು ಮೂಸುತ್ತಿರಬೇಕು. ನಾನು ಹೆಸರು ಹಿಡಿದು ಕರೆದೆ. ತಲೆ ಎತ್ತಿತು. ಮತ್ತೆ ಕರೆದೆ. ಎರಡು ಹೆಜ್ಜೆ ಹಿಂದೆ ಹೋಯಿತು. ನಾನು ಇಳಿಯತೊಡಗಿದೆ, ಅದು ಇನ್ನೊಂದು ಸಾಲು ಕೆಳಗೆ ಇಳಿಯಿತು. ಬಿಸ್ಕತ್ತು ತೋರಿಸಿದೆ, ಅದು ನನ್ನ ಕೈಯನ್ನು ನೋಡಿತೇ ಹೊರತು ಬಿಸ್ಕತ್ತನ್ನಲ್ಲ. ನಾನು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಹೀಗೇ ಅಟ್ಟಿಕೊಂಡು ಹೋದರೆ ನಾನೇ ಅದನ್ನು ಹೊಂಡದ ದಂಡೆಗೆ ಮುಟ್ಟಿಸುತ್ತೇನೆ ಎಂದು ಹೊಳೆದಾಗ ನಿಂತುಬಿಟ್ಟೆ. ಗಿಡಗಳ ನಡುವೆ ಆಗಲೇ ಮಬ್ಬು. ನನ್ನ ದನಿ ಏರಿದಷ್ಟೂ ಅದು ಜಾರುತ್ತಿತ್ತು.

ಮೇಲೆ ಹತ್ತಿ ಓಡಿ ಬಂದೆ. ನನ್ನ ಮನೆಗಲ್ಲ. ನಮ್ಮ ಎರಡು ಮನೆಗಳ ಹಿಂಬಾಗಿಲಿಗೆ ಹಗಲು ಬೀಗ ಹಾಕುವ ಅಭ್ಯಾಸವಿಲ್ಲ, ಚಿಲಕ ಅಷ್ಟೇ. ಅಕ್ಕನ ಅಡಿಗೆಮನೆಯಲ್ಲಿ, ಉಪ್ಪಿನ ಭರಣಿಯ ಪಕ್ಕ, ಆ ಡಬ್ಬಿ ಇತ್ತು. ಖಾಲಿಯಾಗಿರುತ್ತದೆ ಎಂದುಕೊಂಡೇ ತೆಗೆದೆ. ತುಂಬಿತ್ತು. ತೊಳೆದು, ಒಣಗಿಸಿ, ಒಂದೂ ಮುಟ್ಟದೆ ಇಟ್ಟಿದ್ದರು. ಕೊಡಬೇಡ ಎಂದ ಮೇಲೆಯೂ ಯಾಕೆ ಇಟ್ಟರು ಎಂದು ಕೇಳಿಕೊಳ್ಳುವಷ್ಟು ಹೊತ್ತಿರಲಿಲ್ಲ.

ಒಳಗಿನಿಂದ ಅವರ ಮುಂಬಾಗಿಲ ಚಿಲಕ ತೆಗೆದು ಅವರ ಹೊಸಿಲ ಮೇಲೆ ನಿಂತು "ಕುರೋ ಕುರೋ" ಎಂದೆ. ಬೈಗುಳದ ಹಾಗೆ ಬಂತು. ಅಕ್ಕ ಹೇಗೆ ಕೂಗುತ್ತಿದ್ದರು ಎಂದು ನೆನಪು ಮಾಡಿಕೊಂಡೆ. ಅವರು ಕೂಗುತ್ತಲೇ ಇರಲಿಲ್ಲ, ಪಕ್ಕದಲ್ಲಿ ಕೂತವರಿಗೆ ಊಟಕ್ಕೆ ಏಳಿ ಎಂದ ಹಾಗೆ ಅನ್ನುತ್ತಿದ್ದರು. ನಾನೂ ಹಾಗೆ ಅಂದೆ. ಆ ದನಿ ನನ್ನ ಬಾಯಿಂದ ಹೊರಡುವಾಗ ನಾಚಿಕೆಯಾಯಿತು.

ಕೆಳಗೆ ತರಗೆಲೆ ಸರಿದಾಡಿತು. ಮರಿ ಕಣದ ದಡ ಹತ್ತಿ, ಇಟ್ಟಿಗೆಯ ಸಾಲು ಹಾರಿ, ಓಡಿ ಬಂದದ್ದು ಅಂಗಳದ ಅರ್ಧಕ್ಕೆ ನಿಂತಿತು. ಬಾಗಿಲು ಸರಿಯಾದದ್ದು, ಮೂಸಿದ ವಾಸನೆ ಸರಿಯಾದದ್ದು, ನಿಂತವಳು ಮಾತ್ರ ತಪ್ಪು. ನನ್ನ ಬಲಗೈ ತಾನಾಗಿಯೇ ಪಟ್ಟಿಯ ಕಡೆಗೆ ಹೋಯಿತು. ಅದು ಒಂದು ಹೆಜ್ಜೆ ಹಿಂದಿಟ್ಟಿತು. ಆ ಕೈಯನ್ನು ನಾನು ಮಡಚಿ, ಹೊಸಿಲ ಮೇಲೆ ಕೂತು, ತೊಡೆಯ ಅಡಿಗೆ ಇಟ್ಟುಕೊಂಡೆ. ಎಡಗೈಯಿಂದ ಒಂದು ತಲೆ ಎಸೆದೆ. ತಿಂದಿತು. ಇನ್ನೊಂದನ್ನು ಸ್ವಲ್ಪ ಹತ್ತಿರಕ್ಕೆ ಎಸೆದೆ. ಮೂರನೆಯದಕ್ಕೆ ನನ್ನ ಮುಂದೆ ಬಂದು, ಯಾರೂ ಹೇಳದೆ, ಕುಕ್ಕರುಗಾಲಲ್ಲಿ ಕೂತಿತು. ಹಿಡಿಯಬಹುದಿತ್ತು. ಹಿಡಿಯಲಿಲ್ಲ. ನನ್ನನ್ನು ದಾಟಿ ಒಳಗೆ ನಡೆದು ಕಾಲೊರಸಿನ ಮೇಲೆ ಸುತ್ತಿಕೊಂಡು ಮಲಗಿತು. ಮೈ ತುಂಬ ಅಂಟುಬೀಜ.

ಅಕ್ಕ ಜೀಪಿನಿಂದ ಇಳಿದು ಬಂದಾಗ ನಾನು ಇನ್ನೂ ಅಲ್ಲೇ ಕೂತಿದ್ದೆ, ಮಡಿಲಲ್ಲಿ ಅವರ ಡಬ್ಬಿ. ಸಂತೆಯ ಚೀಲ ಕೆಳಗಿಟ್ಟು ನನ್ನನ್ನು ನೋಡಿದರು, ಮರಿಯನ್ನು ನೋಡಿದರು.

"ನಾನ್ ಒಂದೂ ಕೊಟ್ಟಿಲ್ಲ ಕಣೆ, ನೀನ್ ಬ್ಯಾಡ ಅಂದ್ಮೇಲೆ."

"ಗೊತ್ತು ಅಕ್ಕ. ನಾನೇ ತೆಗ್ದೆ."

ಆಗಿದ್ದನ್ನೆಲ್ಲ ಹೇಳಿದೆ. ಹಗ್ಗ ಕಡಿದದ್ದು, ಹೊಂಡದ ಕಡೆ ಇಳಿದದ್ದು, ಕರೆದಷ್ಟೂ ದೂರ ಹೋದದ್ದು. ನಾನು ಬಸ್ಸಿನಲ್ಲಿ ಹೊತ್ತು ತಂದದ್ದು, ನಾನು ವಾಂತಿ ಬಳಿದದ್ದು, ಆದರೂ ನಿಮ್ಮ ಕೂಗಿಗೇ ಯಾಕೆ ಬರುತ್ತದೆ ಎಂದು ಕೇಳಿಯೂ ಬಿಟ್ಟೆ. ಕೇಳುವಾಗ ಕಣ್ಣಲ್ಲಿ ನೀರು ಬಂತು, ಅದು ಮರಿಯ ವಿಷಯಕ್ಕೆ ಮಾತ್ರ ಬಂದದ್ದಲ್ಲ. ಅಕ್ಕ ನನ್ನ ಪಕ್ಕ ಹೊಸಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದರು.

"ನೀನ್ ಕರೆದಾಗೆಲ್ಲ ಅದುಕ್ಕೆ ಏನ್ ಸಿಕ್ತದೆ? ಹಗ್ಗ, ಇಲ್ಲಾ ಸೋಪು. ನಾನಾಗಿದ್ರೂ ಬತ್ತಿರ್ಲಿಲ್ಲ."

ಮೂವತ್ತು ವಿಡಿಯೋ ನೋಡಿದವಳಿಗೆ ಇದು ಹೊಳೆಯಬೇಕಿತ್ತು. ಕರೆಯುವುದು ಒಳ್ಳೆಯದಕ್ಕೆ ಮಾತ್ರ, ಬಿಡಿಸಿ ತರಬೇಕಾದರೆ ನಾವೇ ನಡೆದು ಹೋಗಿ ಸುಮ್ಮನೆ ಎತ್ತಿಕೊಂಡು ಬರುವುದು. ಆ ಹುಡುಗಿಯೂ ಅದನ್ನೇ ಹೇಳಿದ್ದಳೇನೋ. ಅವಳ ರತ್ನಗಂಬಳಿಯ ಮೇಲೆ ಕಾಫಿ ಬೀಜ ಇರಲಿಲ್ಲ, ನನಗೆ ಕೇಳಿಸಲಿಲ್ಲ.

ಏಳುವಾಗ ಅಕ್ಕ ಡಬ್ಬಿಯಲ್ಲಿದ್ದ ತಲೆಗಳಲ್ಲಿ ಅರ್ಧವನ್ನು ಒಂದು ಸ್ಟೀಲ್ ಬಟ್ಟಲಿಗೆ ಹಾಕಿ ನನ್ನ ಕೈಗೆ ಕೊಟ್ಟರು. ಮೊಟ್ಟೆಯ ಬಟ್ಟಲೇ.

ಚೆಂದದ ಹೆಸರನ್ನು ಅವತ್ತೇ ಬಿಟ್ಟೆ. ಆ ಹೆಸರು ಕೇಳಿದರೆ ಮರಿಯ ಕಿವಿ ಈಗಲೂ ಜೋತುಬೀಳುತ್ತದೆ, ಅದಕ್ಕೇ ಇಲ್ಲಿ ಕೂಡ ಬರೆಯಲಿಲ್ಲ. ಕಣದ ಮೂಲೆಯಲ್ಲಿ, ಬಿಸಿಲು ಬೀಳುವ ಕಡೆ, ಒಂದು ಗೋಣಿಚೀಲ ಹಾಸಿದ್ದೇನೆ. ಬೀಜದ ಮೇಲೆ ಕಾಲಿಟ್ಟರೆ ಕೂಗುವುದಿಲ್ಲ. ಎದ್ದು ಹೋಗಿ ಎತ್ತಿ ಗೋಣಿಯ ಮೇಲೆ ಕೂರಿಸಿ, ಕೂತರೆ ಒಂದು ಚೂರು ಕೊಡುತ್ತೇನೆ. ದಿನಕ್ಕೆ ಎಷ್ಟು ಸಲ ಎದ್ದು ಕೂರುತ್ತೇನೋ ಲೆಕ್ಕವಿಲ್ಲ; ನಮ್ಮನೆಯವರು, ಕಲಿತಿರುವುದು ನಾಯಿಯೋ ನೀನೋ ಎಂದು ನಗುತ್ತಾರೆ. ಮರಿ ಈಗ ಹಲಗೆಯಷ್ಟು ಉದ್ದವಾಗಿದೆ.

ಹೊಟ್ಟೆಯೊಳಗಿನ ಒಲೆ ಆರಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಟಾರ್ಪಾಲು ಹೊದಿಸಿದ ಮೇಲೆ ನಾನು ಬಾಗಿಲಲ್ಲಿ ನಿಂತು "ಕುರೋ ಕುರೋ" ಎನ್ನುತ್ತೇನೆ. ಬರುತ್ತದೆ. ನನ್ನ ಬಾಗಿಲಿಗೇ ಬರುತ್ತದೆ. ಮೊದಲ ಕೆಲವು ದಿನ ಗೆದ್ದೆ ಎಂದುಕೊಂಡಿದ್ದೆ. ಒಂದು ಸಂಜೆ ತಲೆ ಹೊರಗೆ ಹಾಕಿದಾಗ ಕಂಡಿತು, ಆ ಬದಿಯ ಬಾಗಿಲು ಒಂದು ಗೇಣು ತೆರೆದಿದೆ, ಒಳಗೆ ಅಕ್ಕ ದೀಪ ಹಾಕದೆ ನಿಂತಿದ್ದಾರೆ. ಕರೆಯುವುದಿಲ್ಲ. ಮೊದಲು ನಾನು ಕರೆಯಲಿ, ಮರಿ ಒಳಗೆ ಸೇರಲಿ ಎಂದು ನಿಂತಿರುತ್ತಾರೆ. ಇದನ್ನೂ ಅವರೇ ಬಟ್ಟಲಲ್ಲಿಟ್ಟು ಕೊಟ್ಟ ಹಾಗಾಯಿತಲ್ಲ ಎಂದು ಒಂದು ಕ್ಷಣ ಉರಿಯುತ್ತದೆ. ಆದರೂ ಮರಿಯನ್ನು ಒಳಗೆ ಬಿಟ್ಟುಕೊಂಡು ಚಿಲಕ ಹಾಕಿದ ಮೇಲೆ, ಹಳೇ ಬೆಲ್ಟು ನೇತಾಡುವ ಬಾಗಿಲಿಗೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಗೋಡೆಯ ಆಚೆ ಅವರ ಚಿಲಕದ ಸದ್ದು ಕೇಳಬೇಕು. ಅದು ಕೇಳಿದ ಮೇಲೆಯೇ ನಾನು ಅನ್ನಕ್ಕೆ ಇಡುವುದು.